ಪಾಪದ ಬೋಧನೆ ಎಲ್ಲಿ ನಿಂತುಹೋಗುತ್ತದೆ? ಅಮೆರಿಕದ ಕ್ರೈಸ್ತ ಪೌರನೀತಿ ಪಾಠಗಳ ಒಂದು ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಕ್ರೈಸ್ತ ಶಾಲೆಗಳಲ್ಲಿಯೂ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವ ಕ್ರೈಸ್ತ ಕುಟುಂಬಗಳಲ್ಲಿಯೂ ಪೌರನೀತಿಯನ್ನು ಸತ್ಯವೇದದ ಆಧಾರದ ಮೇಲೆ ಬೋಧಿಸುವ ಒಂದು ಪಾಠಪರಂಪರೆ ಬೆಳೆದು ನಿಂತಿದೆ. ಸರಕಾರಕ್ಕೆ ಮೂರು ಅಂಗಗಳೇಕೆ, ಅಧ್ಯಕ್ಷನ ಅಧಿಕಾರಕ್ಕೆ ಮಿತಿಯೇಕೆ, ರಾಜ್ಯಗಳಿಗೆ ಸ್ವಂತ ಅಧಿಕಾರವೇಕೆ, ಸಭೆಗೂ ಸರಕಾರಕ್ಕೂ ಇರುವ ಸಂಬಂಧವೇನು ಎಂಬ ಪ್ರಾಥಮಿಕ ಪ್ರಶ್ನೆಗಳಿಗೆ ಈ ಪಾಠಗಳು ವಚನಗಳನ್ನು ಎತ್ತಿ ತೋರಿಸಿ ಉತ್ತರ ಕೊಡುತ್ತವೆ. ಯಾವುದೋ ಒಂದು ಪುಸ್ತಕವನ್ನು ಹಿಡಿದು ಖಂಡಿಸುವುದು ಈ ಲೇಖನದ ಉದ್ದೇಶವಲ್ಲ. ಲೇಖಕರು ಬೇರೆ ಬೇರೆಯಾದರೂ ವಾದದ ಹಂದರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಆ ಹಂದರವನ್ನೇ ಇಲ್ಲಿ ಪರಿಶೀಲಿಸುತ್ತೇನೆ.

ದೂರದ ದೇಶದ ಪೌರನೀತಿ ನಮಗೇಕೆ ಎಂದು ಓದುಗರು ಕೇಳಬಹುದು. ವಚನದಿಂದ ರಾಜ್ಯವ್ಯವಸ್ಥೆಗೆ ಯಾವ ದಾರಿಯಾಗಿ ಸಾಗಬೇಕು ಎಂಬುದು ಎಲ್ಲ ದೇಶಗಳ ಬೋಧಕರ ಮುಂದಿರುವ ಪ್ರಶ್ನೆ. ಆ ದಾರಿಯಲ್ಲಿ ಬಹುದೂರ ನಡೆದವರ ಹೆಜ್ಜೆಗಳನ್ನು ಪರೀಕ್ಷಿಸುವುದರಿಂದ ನಮಗೆ ಲಾಭವಿದೆ. ಅಲ್ಲದೆ 'ಕ್ರೈಸ್ತ ರಾಷ್ಟ್ರ' ಎಂಬ ಮಾತು ಇಂಗ್ಲಿಷ್ ಪುಸ್ತಕಗಳ ಮೂಲಕ ನಮ್ಮ ಪ್ರಸಂಗಗಳೊಳಕ್ಕೂ ಬಂದಿದೆ. ಅದನ್ನು ತೂಗಿ ನೋಡದೆ ಉಚ್ಚರಿಸುವುದು ಅಲ್ಪಸಂಖ್ಯಾತರಾದ ನಮಗೆ ಎಷ್ಟರ ಮಟ್ಟಿಗೆ ಯುಕ್ತವೆಂಬುದನ್ನು ಕೊನೆಯಲ್ಲಿ ವಿಚಾರಿಸೋಣ.

1. ಪಾಠಗಳು ಹೇಳುವುದೇನು

1787ರ ಬೇಸಗೆಯಲ್ಲಿ ಫಿಲಡೆಲ್ಫಿಯದಲ್ಲಿ ಕೂಡಿದ ಪ್ರತಿನಿಧಿಗಳು ರಚಿಸಿ, ಆ ವರ್ಷದ ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದ ಸಂವಿಧಾನವೇ ಅಮೆರಿಕದ ಆಡಳಿತದ ತಳಹದಿ. ಅದರಲ್ಲಿರುವುದು ಏಳೇ ವಿಧಿಗಳು. ಮೊದಲನೆಯದು ಕಾನೂನು ಮಾಡುವ ಅಧಿಕಾರವನ್ನು ಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂಬ ಎರಡು ಸದನಗಳುಳ್ಳ ಕಾಂಗ್ರೆಸ್ಸಿಗೂ, ಎರಡನೆಯದು ಅದನ್ನು ಜಾರಿಗೊಳಿಸುವ ಅಧಿಕಾರವನ್ನು ಅಧ್ಯಕ್ಷನಿಗೂ, ಮೂರನೆಯದು ನ್ಯಾಯತೀರಿಸುವ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯ ಮತ್ತದರ ಕೆಳಗಿನ ನ್ಯಾಯಾಲಯಗಳಿಗೂ ಒಪ್ಪಿಸುತ್ತವೆ. ಈ ಮೂರು ಅಂಗಗಳು ಪ್ರತ್ಯೇಕವಾಗಿರುವುದು ಮಾತ್ರವಲ್ಲ, ಒಂದು ಇನ್ನೊಂದರ ಕೈ ಹಿಡಿದು ನಿಲ್ಲಿಸಬಲ್ಲದು. ಕಾಂಗ್ರೆಸ್ಸು ಅಂಗೀಕರಿಸಿದ್ದನ್ನು ಅಧ್ಯಕ್ಷನು ತಡೆಯಬಹುದು. ಎರಡು ಸದನಗಳೂ ಮೂರರಲ್ಲಿ ಎರಡು ಭಾಗ ಮತಗಳಿಂದ ಆ ತಡೆಯನ್ನು ಮೀರಬಹುದು. ನ್ಯಾಯಾಧೀಶರನ್ನು ಅಧ್ಯಕ್ಷನು ಹೆಸರಿಸುತ್ತಾನೆ, ಸೆನೆಟ್ ಒಪ್ಪಬೇಕು. ತಪ್ಪಿತಸ್ಥನಾದ ಅಧ್ಯಕ್ಷನ ಮೇಲೆ ಪ್ರತಿನಿಧಿ ಸಭೆ ದೋಷಾರೋಪ ಹೊರಿಸುತ್ತದೆ. ಸೆನೆಟ್ ವಿಚಾರಣೆ ನಡೆಸುತ್ತದೆ. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಅಸಿಂಧುವೆಂದು ಸಾರುವ ಅಧಿಕಾರವನ್ನು ನ್ಯಾಯಾಲಯವು 1803ರ ಮಾರ್ಬರಿ ಪ್ರಕರಣದಲ್ಲಿ ಸ್ಥಾಪಿಸಿಕೊಂಡಿತು. ಒಕ್ಕೂಟಕ್ಕೆ ಒಪ್ಪಿಸದೆಯೂ ರಾಜ್ಯಗಳಿಗೆ ನಿಷೇಧಿಸದೆಯೂ ಇರುವ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವೆಂದು 1791ರ ಹತ್ತನೆಯ ತಿದ್ದುಪಡಿ ಹೇಳುತ್ತದೆ.

ಈ ವ್ಯವಸ್ಥೆಯನ್ನು ಕ್ರೈಸ್ತ ಪಾಠಗಳು ಮೂರು ಆಧಾರಗಳ ಮೇಲೆ ನಿಲ್ಲಿಸುತ್ತವೆ. ಯೆಶಾಯ 33:22ರಲ್ಲಿ ಪ್ರವಾದಿಯು ಕರ್ತನನ್ನು ನ್ಯಾಯಾಧಿಪತಿ, ಧರ್ಮವಿಧಾಯಕ, ಅರಸ ಎಂದು ಕರೆಯುವುದರಿಂದ ಮೂರು ಅಂಗಗಳ ಮಾದರಿ ಅಲ್ಲಿದೆ ಎಂಬುದು ಮೊದಲನೆಯದು. ವಿಮೋಚನಕಾಂಡ 18ರಲ್ಲಿ ಮೋಶೆಯು ಮಾವನಾದ ಇತ್ರೋನನ ಸಲಹೆಯಂತೆ ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಅಧಿಪತಿಗಳನ್ನು ನೇಮಿಸಿದ್ದರಲ್ಲಿ ಒಕ್ಕೂಟ ವ್ಯವಸ್ಥೆಯ ಬೀಜವಿದೆ ಎಂಬುದು ಎರಡನೆಯದು. ಮನುಷ್ಯನು ಪಾಪಿಯಾದದ್ದರಿಂದ ಯಾವನ ಕೈಗೂ ಅಂಕೆಯಿಲ್ಲದ ಅಧಿಕಾರವನ್ನು ಕೊಡಬಾರದೆಂಬ ಬೋಧನೆಯೇ ಸಂವಿಧಾನದ ಜೀವಾಳ ಎಂಬುದು ಮೂರನೆಯದು. ಮೊದಲೆರಡು ಆಧಾರಗಳು ದುರ್ಬಲವೆಂದೂ, ಮೂರನೆಯದು ಪಾಠಗಳು ತಿಳಿದಿರುವುದಕ್ಕಿಂತ ಬಲವಾದದ್ದೆಂದೂ, ಬಲವಾದದ್ದಾಗಿರುವುದರಿಂದಲೇ ಅವರು ಅದನ್ನು ಅರ್ಧದಾರಿಯಲ್ಲಿ ಬಿಟ್ಟುಬಿಡುತ್ತಾರೆಂದೂ ತೋರಿಸುವುದು ನನ್ನ ಪ್ರಯತ್ನ.

2. ಯೆಶಾಯನ ವಚನ

ಯೆಶಾಯ 33ನೆಯ ಅಧ್ಯಾಯದ ಹಿನ್ನೆಲೆಯಲ್ಲಿ ಅಶ್ಶೂರದ ಭಯವಿದೆ. ಒಪ್ಪಂದಗಳು ಮುರಿದಿವೆ, ದಾರಿಗಳು ಪಾಳುಬಿದ್ದಿವೆ, ಸಮಾಧಾನದ ರಾಯಭಾರಿಗಳು ಅಳುತ್ತಿದ್ದಾರೆ. ಆ ಇಕ್ಕಟ್ಟಿನಲ್ಲಿ ಚೀಯೋನಿಗೆ ಪ್ರವಾದಿ ಕೊಡುವ ಭರವಸೆ ಇದು: ನಮ್ಮ ಬಿಡುಗಡೆ ಕುದುರೆಗಳಿಂದಲ್ಲ, ಐಗುಪ್ತದಿಂದಲ್ಲ, ಕರ್ತನಿಂದಲೇ. ವಚನದ ಭಾರವೆಲ್ಲ ಅದರ ಕೊನೆಯ ಮಾತಾದ ರಕ್ಷಣೆಯ ಮೇಲೆ ಬೀಳುತ್ತದೆ. ಮೂರು ಬಿರುದುಗಳು ಮೂರು ಇಲಾಖೆಗಳಲ್ಲ. ಒಬ್ಬನೇ ರಕ್ಷಕನನ್ನು ಮೂರು ಸಾರಿ ಹೆಸರಿಸುವ ವಿಶ್ವಾಸಪ್ರಕಟನೆ. 'ಶೋಫೇಟ್' ಎಂಬ ಹಿಬ್ರು ಪದವನ್ನು ನ್ಯಾಯಾಧಿಪತಿ ಎಂದು ಭಾಷಾಂತರಿಸಿದರೂ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಅದು ಗಿದ್ಯೋನ, ಯೆಫ್ತಾಹರಂತೆ ದಂಡು ಕಟ್ಟಿ ಜನರನ್ನು ಬಿಡಿಸುವ ನಾಯಕರಿಗೆ ಸಲ್ಲುವ ಪದ. ಅದರಲ್ಲಿ ನ್ಯಾಯಾಂಗವನ್ನು ಮಾತ್ರ ಕಾಣುವುದು ಹದಿನೆಂಟನೆಯ ಶತಮಾನದ ಕನ್ನಡಕವನ್ನು ಪ್ರವಾದಿಗೆ ತೊಡಿಸಿದಂತೆ.

ಇನ್ನೂ ಮುಖ್ಯವಾದ ತೊಡಕು ಬೇರೆಯಿದೆ. ಈ ವಚನ ಅಧಿಕಾರವನ್ನು ವಿಭಜಿಸುವುದಿಲ್ಲ, ಒಂದುಗೂಡಿಸುತ್ತದೆ. ನೇರವಾಗಿ ಮಾದರಿಯೆಂದು ತೆಗೆದುಕೊಂಡರೆ ಅದರಿಂದ ಹುಟ್ಟುವುದು ಏಕಾಧಿಪತ್ಯವೇ ಹೊರತು ಪ್ರಜಾಧಿಪತ್ಯವಲ್ಲ. ಈ ತೊಡಕನ್ನು ಅರಿತ ಕೆಲವರು, ಮೂರನ್ನೂ ಒಟ್ಟಾಗಿ ಹೊರುವ ಪರಿಶುದ್ಧತೆ ದೇವರಿಗೆ ಮಾತ್ರ ಇರುವುದರಿಂದ ಮನುಷ್ಯರಲ್ಲಿ ಅವನ್ನು ಬೇರ್ಪಡಿಸಬೇಕು ಎಂದು ವಾದಿಸುತ್ತಾರೆ. ಈ ತರ್ಕ ಒಳ್ಳೆಯದು. ನಾನು ಅದನ್ನು ಒಪ್ಪುತ್ತೇನೆ. ಆದರೆ ಅದು ವಚನದ ಅರ್ಥವಲ್ಲ, ವಚನಕ್ಕೆ ಪಾಪದ ಬೋಧನೆಯನ್ನು ಸೇರಿಸಿ ನಾವು ಮಾಡುವ ಅನುಮಾನ. ಆಗ ನಿಜವಾದ ಆಧಾರ ಮೂರನೆಯದೇ ಆಯಿತು.

ಚರಿತ್ರೆಯೂ ಈ ವಚನದ ಪಕ್ಷದಲ್ಲಿಲ್ಲ. ಜೇಮ್ಸ್ ಮ್ಯಾಡಿಸನನು ಅಧಿಕಾರ ವಿಭಜನೆಯನ್ನು ಸಮರ್ಥಿಸುವಾಗ 'ಫೆಡರಲಿಸ್ಟ್' ಲೇಖನಮಾಲೆಯ 47ನೆಯ ಲೇಖನದಲ್ಲಿ ಮುಂದಿಡುವ ಹೆಸರು ಯೆಶಾಯನದಲ್ಲ, 1748ರಲ್ಲಿ ಕಾನೂನುಗಳ ಸ್ವರೂಪವನ್ನು ಕುರಿತು ಮಹಾಗ್ರಂಥ ಪ್ರಕಟಿಸಿದ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂನದು. 1787ರ ಜೂನ್ 28ರಂದು ವೃದ್ಧನಾದ ಬೆಂಜಮಿನ್ ಫ್ರಾಂಕ್ಲಿನನು ದಿನವೂ ಪ್ರಾರ್ಥನೆಯಿಂದ ಕಲಾಪವನ್ನು ಆರಂಭಿಸೋಣವೆಂದು ಸೂಚಿಸಿದ ಸಂಗತಿಯನ್ನು ಪಾಠಗಳು ಸಂತೋಷದಿಂದ ಹೇಳುತ್ತವೆ. ಆ ಸೂಚನೆಯನ್ನು ಸಮ್ಮೇಳನವು ಅಂಗೀಕರಿಸಲಿಲ್ಲವೆಂಬುದನ್ನೂ ಅದೇ ಪುಟದಲ್ಲಿ ಹೇಳುವುದು ಸತ್ಯಸಂಧತೆ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ದೇವರ ಪಕ್ಷವಾಗಿ ಚರಿತ್ರೆ ಬರೆಯುವವರಿಗೂ ಅನ್ವಯಿಸುತ್ತದೆ.

ಇತ್ರೋನನ ಸಲಹೆಯ ವಿಷಯವೂ ಹೀಗೆಯೇ. ಅಲ್ಲಿರುವುದು ಕೆಲಸದ ಹಂಚಿಕೆ. ಕಠಿಣ ವ್ಯಾಜ್ಯಗಳೆಲ್ಲ ಕೊನೆಗೆ ಮೋಶೆಯ ಬಳಿಗೇ ಬರುತ್ತವೆ. ಮೋಶೆಯ ತೀರ್ಪನ್ನು ತಡೆಯುವ ಅಧಿಕಾರ ಯಾವ ಅಧಿಪತಿಗೂ ಇರಲಿಲ್ಲ. ಅಧಿಕಾರಕ್ಕೆ ಮಿತಿ ಹಾಕುವ ವಚನ ಬೇಕಿದ್ದರೆ ಧರ್ಮೋಪದೇಶಕಾಂಡ 17:14–20ಕ್ಕೆ ಹೋಗಬೇಕು. ಅಲ್ಲಿ ಅರಸನು ಕುದುರೆಗಳನ್ನೂ ಹೆಂಡತಿಯರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದು. ಧರ್ಮಶಾಸ್ತ್ರದ ಪ್ರತಿಯನ್ನು ಬರೆಯಿಸಿಕೊಂಡು ದಿನವೂ ಓದಬೇಕು. ಸಹೋದರರಿಗಿಂತ ತಾನು ಮೇಲಿನವನೆಂದು ಹೆಮ್ಮೆಪಡಬಾರದು. ಆಳುವವನೂ ಕಾನೂನಿನ ಕೆಳಗಿದ್ದಾನೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಆಧಾರ ಹಳೆಯ ಒಡಂಬಡಿಕೆಯಲ್ಲಿ ವಿರಳ. ಮೂರು ಎಂಬ ಸಂಖ್ಯೆಯ ಆಕರ್ಷಣೆಯಿಂದ ಪಾಠಗಳು ಯೆಶಾಯನನ್ನು ಹಿಡಿದು, ತಮಗೆ ನಿಜವಾಗಿ ನೆರವಾಗಬಲ್ಲ ಈ ಭಾಗವನ್ನು ಹಿಂದೆ ಬಿಟ್ಟಿರುವುದು ವಿಷಾದಕರ.

3. ಪಾಠಗಳ ನಿಜವಾದ ಬಲ

ಮೂರನೆಯ ಆಧಾರಕ್ಕೆ ಬರೋಣ. ಇಲ್ಲಿ ಪಾಠಗಳು ಗಟ್ಟಿನೆಲದ ಮೇಲೆ ನಿಂತಿವೆ. ಜಾನ್ ಕ್ಯಾಲ್ವಿನನು ತನ್ನ 'ಇನ್ಸ್ಟಿಟ್ಯೂಟ್ಸ್' ಗ್ರಂಥದ 1559ರ ಆವೃತ್ತಿಯ ಕೊನೆಯ ಅಧ್ಯಾಯದಲ್ಲಿ ರಾಜ್ಯಾಧಿಕಾರವನ್ನು ವಿಚಾರಿಸುತ್ತಾ, ಮನುಷ್ಯರ ದೋಷವನ್ನು ನೋಡಿದರೆ ಒಬ್ಬನ ಆಳಿಕೆಗಿಂತ ಹಲವರ ಆಳಿಕೆಯೇ ಕ್ಷೇಮ, ಒಬ್ಬನು ಮಿತಿಮೀರಿದಾಗ ಮಿಕ್ಕವರು ಅವನನ್ನು ತಿದ್ದಿ ತಡೆಯಬಲ್ಲರು ಎಂಬ ಅಭಿಪ್ರಾಯಕ್ಕೆ ಬರುತ್ತಾನೆ. ಆ ಪರಂಪರೆಯಲ್ಲಿ ಬೆಳೆದ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಬೋಧಕ ಜಾನ್ ವಿದರ್‌ಸ್ಪೂನನು ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನ ಕಾಲೇಜಿಗೆ ಅಧ್ಯಕ್ಷನಾಗಿ ಬಂದನು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಸಭಾಸೇವೆಯಲ್ಲಿದ್ದ ಬೋಧಕ ಅವನೊಬ್ಬನೇ. 1771ರಲ್ಲಿ ಅಲ್ಲಿ ಪದವಿ ಪಡೆದ ಮ್ಯಾಡಿಸನನು ಮುಂದೆಯೂ ಕೆಲಕಾಲ ನಿಂತು ಅವನ ಕೈಕೆಳಗೆ ಹಿಬ್ರು ಭಾಷೆಯನ್ನೂ ಅಭ್ಯಾಸಮಾಡಿದನು. 1788ರ ಫೆಬ್ರವರಿಯಲ್ಲಿ ಪ್ರಕಟವಾದ 'ಫೆಡರಲಿಸ್ಟ್' 51ನೆಯ ಲೇಖನದಲ್ಲಿ ಆತನ ವಾದದ ತಿರುಳು ಇಷ್ಟು: ಆಳುವವರೂ ಆಳಿಸಿಕೊಳ್ಳುವವರೂ ದೇವದೂತರಲ್ಲ, ಆದುದರಿಂದ ಒಂದು ಸ್ಥಾನದ ಮಹತ್ವಾಕಾಂಕ್ಷೆಗೆ ಇನ್ನೊಂದು ಸ್ಥಾನದ ಮಹತ್ವಾಕಾಂಕ್ಷೆಯೇ ಅಡ್ಡಗಟ್ಟಾಗಿ ನಿಲ್ಲಬೇಕು.

ಈ ಮಾತು ವೇದಾಧ್ಯಯನದಿಂದಲೇ ಬಂತೆಂದು ಸಾಧಿಸುವುದು ಕಷ್ಟ. ಲೋಕಾನುಭವದಿಂದಲೂ ಪ್ರಾಚೀನ ರೋಮಿನ ಇತಿಹಾಸದಿಂದಲೂ ಅದೇ ಪಾಠವನ್ನು ಕಲಿತವರಿದ್ದರು. ಆದರೂ ಮನುಷ್ಯಸ್ವಭಾವದ ಬಗ್ಗೆ ಸಭೆ ಬಹುಕಾಲದಿಂದ ಬೋಧಿಸುತ್ತ ಬಂದದ್ದಕ್ಕೂ ಈ ಸಂವಿಧಾನದ ರಚನೆಗೂ ಆಳವಾದ ಸಾಮ್ಯವಿದೆ ಎಂಬುದನ್ನು ನಿರಾಕರಿಸಲಾಗದು. ವಚನಗಳನ್ನು ಹೆಕ್ಕಿ ತೆಗೆದು ಅಂಗಗಳಿಗೆ ಅಂಟಿಸುವುದನ್ನು ಬಿಟ್ಟು ಪಾಠಗಳು ಇದನ್ನೇ ಸಾವಧಾನವಾಗಿ ಕಲಿಸಿದ್ದರೆ ವಿದ್ಯಾರ್ಥಿಗೆ ದೊಡ್ಡ ಉಪಕಾರವಾಗುತ್ತಿತ್ತು.

ಒಂದು ತಿದ್ದುಪಡಿಯನ್ನಂತೂ ಸೇರಿಸಬೇಕು. ಪಾಪದ ಬೋಧನೆಯೊಂದೇ ಪೌರನೀತಿಯನ್ನು ಹೊರಲಾರದು. ಮನುಷ್ಯರಲ್ಲಿ ದೋಷವಿರುವಂತೆಯೇ ನಂಬಿಕೆಗೆ ಅರ್ಹವಾದ ಗುಣಗಳೂ ಇವೆ, ಪ್ರಜಾಧಿಪತ್ಯವು ಅವನ್ನು ಹೆಚ್ಚಾಗಿ ಆಶ್ರಯಿಸುತ್ತದೆ ಎಂದು ಮ್ಯಾಡಿಸನನೇ 55ನೆಯ ಲೇಖನದಲ್ಲಿ ಒಪ್ಪುತ್ತಾನೆ. 1944ರಲ್ಲಿ ರೈನ್‌ಹೋಲ್ಡ್ ನೀಬೂರರು ಪ್ರಜಾಪ್ರಭುತ್ವವನ್ನು ಸಮರ್ಥಿಸಿದಾಗಲೂ ಮನುಷ್ಯನ ಅನ್ಯಾಯದ ಒಲವಿನ ಜೊತೆಗೆ ಅವನ ನ್ಯಾಯಸಾಮರ್ಥ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ದೇವಸ್ವರೂಪದಲ್ಲಿ ಸೃಷ್ಟಿಯಾದವನೂ ಪಾಪದಲ್ಲಿ ಬಿದ್ದವನೂ ಒಬ್ಬನೇ ಮನುಷ್ಯ. ಮೊದಲನೆಯದನ್ನು ಮರೆತರೆ ಪೌರನೀತಿಯು ಬರಿಯ ಕಾವಲುಗಾರಿಕೆಯಾಗುತ್ತದೆ.

4. ಬೋಧನೆ ನಿಂತುಹೋಗುವ ಸ್ಥಳ

ನನ್ನ ಮುಖ್ಯ ಆಕ್ಷೇಪಣೆ ಇಲ್ಲಿಂದ ಆರಂಭವಾಗುತ್ತದೆ. ಎಲ್ಲ ಮನುಷ್ಯರೂ ಪಾಪಿಗಳೆಂದು ಸಾರುವ ಪಾಠಗಳು ಸಂವಿಧಾನ ಬರೆದವರ ಬಳಿಗೆ ಬಂದಾಗ ದನಿ ತಗ್ಗಿಸುತ್ತವೆ. ಅಧ್ಯಕ್ಷರ ಬಗ್ಗೆಯೂ ನ್ಯಾಯಾಧೀಶರ ಬಗ್ಗೆಯೂ ಮತದಾರರ ಬಗ್ಗೆಯೂ ಅನ್ವಯಿಸುವ ಬೋಧನೆ ಸ್ಥಾಪಕರ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಲ್ಲುತ್ತದೆ.

ಸಂವಿಧಾನದ ಮೊದಲನೆಯ ವಿಧಿಯ ಎರಡನೆಯ ಪ್ರಕರಣವು ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಸ್ವತಂತ್ರರಲ್ಲದವರನ್ನು ಐದರಲ್ಲಿ ಮೂರು ಭಾಗವಾಗಿ ಎಣಿಸಿತು. ಅದೇ ವಿಧಿಯ ಒಂಬತ್ತನೆಯ ಪ್ರಕರಣವು 1808ರ ತನಕ ಗುಲಾಮರ ಆಮದನ್ನು ಕಾಂಗ್ರೆಸ್ಸು ನಿಷೇಧಿಸದಂತೆ ಕಾಪಾಡಿತು. ನಾಲ್ಕನೆಯ ವಿಧಿಯು ತಪ್ಪಿಸಿಕೊಂಡು ಓಡಿದವರನ್ನು ಒಡೆಯರಿಗೆ ಹಿಂದಿರುಗಿಸಬೇಕೆಂದು ವಿಧಿಸಿತು. ಇಷ್ಟೆಲ್ಲ ಹೇಳಿದ ದಾಖಲೆಯಲ್ಲಿ 'ಗುಲಾಮ' ಎಂಬ ಪದ ಒಂದು ಕಡೆಯೂ ಇರಲಿಲ್ಲ. 1865ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಹದಿಮೂರನೆಯ ತಿದ್ದುಪಡಿಯಲ್ಲಿಯೇ ಗುಲಾಮಗಿರಿಯ ಹೆಸರು ಮೊದಲು ಕಾಣಿಸಿಕೊಂಡದ್ದು. ತಾನು ಮಾಡುವುದನ್ನು ಹೆಸರಿಟ್ಟು ಕರೆಯಲು ಮನಸ್ಸಾಕ್ಷಿ ಒಪ್ಪದಿರುವುದೂ ಪಾಪದ ಲಕ್ಷಣಗಳಲ್ಲಿ ಒಂದೆಂದು ಆದಿಕಾಂಡದ ಮೂರನೆಯ ಅಧ್ಯಾಯವನ್ನು ಓದಿದವರಿಗೆ ಹೇಳಬೇಕಾಗಿಲ್ಲ.

ಪಾಠಗಳು ಇದಕ್ಕೆ ಕೊಡುವ ಸಮಾಧಾನವನ್ನು ನ್ಯಾಯವಾಗಿ ಕೇಳೋಣ. ಗುಲಾಮರನ್ನು ಪೂರ್ತಿಯಾಗಿ ಎಣಿಸಬೇಕೆಂದು ಕೇಳಿದವರು ದಕ್ಷಿಣದ ಒಡೆಯರೇ. ಐದರಲ್ಲಿ ಮೂರು ಎಂಬ ನಿಯಮ ಅವರ ಬಲವನ್ನು ತಗ್ಗಿಸಿತು. ಒಪ್ಪಂದವಿಲ್ಲದಿದ್ದರೆ ಒಕ್ಕೂಟವೇ ಆಗುತ್ತಿರಲಿಲ್ಲ ಎಂದು ಅವು ಹೇಳುತ್ತವೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವೆಂದರೆ, ಮತವಿಲ್ಲದ, ಸಂಕೋಲೆಯಲ್ಲಿದ್ದ ಜನರ ತಲೆಎಣಿಕೆಯಿಂದ ಅವರನ್ನು ಬಂಧಿಸಿಟ್ಟವರಿಗೆ ಹೆಚ್ಚಿನ ಸ್ಥಾನಗಳು ದೊರೆತವು. ಅಧಿಕಾರವನ್ನು ತಡೆಯಲೆಂದು ಕಟ್ಟಿದ ಯಂತ್ರದಲ್ಲಿ ಒಂದು ವರ್ಗದ ಅಧಿಕಾರಕ್ಕೆ ಮಾತ್ರ ತಡೆಯಿರಲಿಲ್ಲ: ಮನುಷ್ಯನ ಮೇಲೆ ಮನುಷ್ಯನು ಒಡೆಯನಾಗುವ ಅಧಿಕಾರಕ್ಕೆ. ದೇವದೂತರಲ್ಲದ ಮನುಷ್ಯರ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದ ಮ್ಯಾಡಿಸನನು ಗುಲಾಮರ ಒಡೆಯನಾಗಿ ಬಾಳಿ, ತನ್ನ ಉಯಿಲಿನಲ್ಲಿಯೂ ಅವರಿಗೆ ಬಿಡುಗಡೆ ಬರೆಯಲಿಲ್ಲ. ಬೋಧಕನಾದ ವಿದರ್‌ಸ್ಪೂನನ ಮರಣಾನಂತರದ ಆಸ್ತಿಪಟ್ಟಿಯಲ್ಲಿಯೂ ಇಬ್ಬರು ಗುಲಾಮರಿದ್ದರು. ಇದನ್ನು ಹೇಳುವುದು ಅವರನ್ನು ಹೀಗಳೆಯುವುದಕ್ಕಲ್ಲ. ಅವರು ಬೋಧಿಸಿದ ಸತ್ಯಕ್ಕೆ ಅವರನ್ನೇ ಸಾಕ್ಷಿಗಳಾಗಿ ಕರೆಯುವುದಕ್ಕೆ. ನನ್ನನ್ನು ಬಿಟ್ಟು ಉಳಿದವರೆಲ್ಲ ಪಾಪಿಗಳು ಎಂಬುದು ಫರಿಸಾಯನ ಪ್ರಾರ್ಥನೆಯೇ ಹೊರತು ಕ್ರೈಸ್ತ ಬೋಧನೆಯಲ್ಲ.

5. ಬೋಧಕನ ಸೆರೆವಾಸ

ಅಂಗಗಳು ಪ್ರತ್ಯೇಕವಾಗಿದ್ದರೆ ನ್ಯಾಯ ತಾನಾಗಿ ದೊರಕುವುದೆಂಬ ಭಾವನೆಯನ್ನು ಪರೀಕ್ಷಿಸಲು ಒಂದು ಪ್ರಕರಣವನ್ನು ನೋಡೋಣ. ಅದರ ಕೇಂದ್ರದಲ್ಲಿರುವವನು ಮಿಷನರಿಯಾದ ಸ್ಯಾಮ್ಯುಯೆಲ್ ವೂಸ್ಟರ್. 1813ರಲ್ಲಿ ಮುಂಬಯಿಯಲ್ಲಿ ಕೆಲಸ ಆರಂಭಿಸಿದ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯೇ ಅವನನ್ನು ಚೆರೋಕೀ ಜನರ ಬಳಿಗೂ ಕಳುಹಿಸಿತ್ತು. ಜಾರ್ಜಿಯ ರಾಜ್ಯದ ಎಲ್ಲೆಯೊಳಗಿದ್ದ ನ್ಯೂ ಎಚೋಟದಲ್ಲಿ ಅವನು ನೆಲೆಸಿ, ಚೆರೋಕೀಯನಾದ ಸಿಕ್ವೋಯ ರೂಪಿಸಿದ ಲಿಪಿಯಲ್ಲಿ 1828ರಿಂದ ಪತ್ರಿಕೆ ಮುದ್ರಣವಾಗುವುದಕ್ಕೆ ನೆರವಾದನು. ಚೆರೋಕೀಯರ ನೆಲವನ್ನು ಬಯಸಿದ ಜಾರ್ಜಿಯವು, ಅಲ್ಲಿ ವಾಸಿಸುವ ಬಿಳಿಯರು ರಾಜ್ಯಕ್ಕೆ ನಿಷ್ಠೆಯ ಪ್ರಮಾಣಮಾಡಿ ಪರವಾನಗಿ ಪಡೆಯಬೇಕೆಂದು ಕಾನೂನು ಮಾಡಿತು. ವೂಸ್ಟರ್ ಒಪ್ಪಲಿಲ್ಲ. 1831ರಲ್ಲಿ ಅವನಿಗೂ ಸಂಗಡಿಗರಿಗೂ ನಾಲ್ಕು ವರ್ಷಗಳ ಕಠಿಣ ಶಿಕ್ಷೆಯಾಯಿತು. ಕ್ಷಮಾದಾನದ ಆಮಿಷವನ್ನು ಹೆಚ್ಚಿನವರು ಒಪ್ಪಿಕೊಂಡರು. ವೂಸ್ಟರನೂ ವೈದ್ಯನಾದ ಎಲೈಜರ್ ಬಟ್ಲರನೂ ಸೆರೆಮನೆಯಲ್ಲಿಯೇ ಉಳಿದರು.

1832ರ ಮಾರ್ಚ್ 3ರಂದು ಸರ್ವೋಚ್ಚ ನ್ಯಾಯಾಲಯವು, ಚೆರೋಕೀ ಜನಾಂಗ ಪ್ರತ್ಯೇಕ ರಾಜಕೀಯ ಸಮುದಾಯವೆಂದೂ ಅದರ ನೆಲದಲ್ಲಿ ಜಾರ್ಜಿಯದ ಕಾನೂನು ನಡೆಯದೆಂದೂ ತೀರ್ಪಿತ್ತಿತು. ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲನ ಈ ತೀರ್ಪು ಸಂವಿಧಾನದ ಪಾಠಕ್ಕೆ ಕಳಶವಿಟ್ಟಂತೆ ಇತ್ತು. ಆದರೆ ಜಾರ್ಜಿಯ ಅದಕ್ಕೆ ಮಣಿಯಲಿಲ್ಲ. ಅಧ್ಯಕ್ಷ ಆಂಡ್ರೂ ಜಾಕ್ಸನನ ಆಡಳಿತವು ಚೆರೋಕೀಯರ ರಕ್ಷಣೆಗೆ ಮುಂದಾಗಲಿಲ್ಲ. ಕಾಂಗ್ರೆಸ್ಸು ಅದಕ್ಕೆ ಮೊದಲೇ 1830ರಲ್ಲಿ, ಪ್ರತಿನಿಧಿ ಸಭೆಯ 102ಕ್ಕೆ 97 ಮತಗಳಿಂದ, ಮೂಲನಿವಾಸಿಗಳ ಸ್ಥಳಾಂತರದ ಕಾನೂನನ್ನು ಅಂಗೀಕರಿಸಿತ್ತು. ಕೊನೆಗೆ ಮಿಷನ್ ಸಂಸ್ಥೆಯೇ ಮೊಕದ್ದಮೆಯನ್ನು ಮುಂದುವರಿಸುವುದು ಬೇಡವೆಂದು ಸಲಹೆಕೊಟ್ಟಿತು. 1833ರ ಜನವರಿಯಲ್ಲಿ ಇಬ್ಬರೂ ಬಿಡುಗಡೆಯಾದರು. 1838–39ರಲ್ಲಿ ಚೆರೋಕೀಯರನ್ನು ಸೈನಿಕರು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಆ ಪ್ರಯಾಣದಲ್ಲಿಯೂ ಬಂಧನ ಶಿಬಿರಗಳಲ್ಲಿಯೂ ಸುಮಾರು 4,000 ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಇಲ್ಲಿ ಅಧಿಕಾರ ವಿಭಜನೆ ಇರಲಿಲ್ಲವೆಂದಲ್ಲ, ಇತ್ತು. ಒಂದು ಅಂಗ ತನ್ನ ಕರ್ತವ್ಯವನ್ನು ಮಾಡಿಯೂ ಇತ್ತು. ಮಿಕ್ಕ ಅಂಗಗಳೂ ರಾಜ್ಯವೂ ಮತದಾರರ ಬಹುಭಾಗವೂ ಒಂದೇ ಆಸೆಯಲ್ಲಿ ಕೂಡಿದಾಗ ವಿಭಜನೆ ಏನನ್ನೂ ತಡೆಯಲಿಲ್ಲ. ಸ್ಥಾನಗಳನ್ನು ಬೇರ್ಪಡಿಸಬಹುದು, ಎಲ್ಲ ಸ್ಥಾನಗಳಲ್ಲಿಯೂ ಕುಳಿತ ದುರಾಶೆಯನ್ನು ಬೇರ್ಪಡಿಸಲಾಗದು.

ಸತ್ಯವೇದವು ಇದನ್ನು ಮೊದಲೇ ಬಲ್ಲದು. 1 ಅರಸುಗಳು 21ನೆಯ ಅಧ್ಯಾಯದಲ್ಲಿ ನಾಬೋತನ ದ್ರಾಕ್ಷೇತೋಟವನ್ನು ಅಹಾಬನು ಸೈನ್ಯ ಕಳುಹಿಸಿ ಕಿತ್ತುಕೊಳ್ಳಲಿಲ್ಲ. ಈಜೆಬೆಲಳು ಪತ್ರ ಬರೆಯಿಸಿ ಮುದ್ರೆಯೊತ್ತಿಸಿದಳು; ಉಪವಾಸವನ್ನು ಸಾರಿಸಿದಳು; ಊರಿನ ಹಿರಿಯರೂ ಪ್ರಮುಖರೂ ಕೂಡಿದರು; ಧರ್ಮಶಾಸ್ತ್ರ ಕೇಳುವಂತೆ ಇಬ್ಬರು ಸಾಕ್ಷಿಗಳೂ ಬಂದರು. ವಿಧಿಗಳಲ್ಲಿ ಒಂದೂ ತಪ್ಪಲಿಲ್ಲ. ನಿರಪರಾಧಿ ಮಾತ್ರ ಸತ್ತನು. ಎಲೀಯನು ದೇವರ ಮಾತನ್ನು ಹೊತ್ತು ತೋಟಕ್ಕೆ ಬರುವವರೆಗೆ ಆ ಕೃತ್ಯಕ್ಕೆ ಸರಿಯಾದ ಹೆಸರಿರಲಿಲ್ಲ. ಯೆಶಾಯನಲ್ಲಿ ಮೂರು ಅಂಗಗಳನ್ನು ಹುಡುಕುವ ಪಾಠಗಳಲ್ಲಿ ನಾಬೋತನಿಗೆ ಜಾಗವಿಲ್ಲದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಯೆಶಾಯನ ವಚನವನ್ನು ಸಂವಿಧಾನದ ಅಲಂಕಾರಕ್ಕೆ ಬಳಸಬಹುದು. ನಾಬೋತನ ಕಥೆ ಸಂವಿಧಾನವನ್ನು ವಿಚಾರಣೆಗೆ ನಿಲ್ಲಿಸುತ್ತದೆ.

ಅಮೆರಿಕದ ಸಾರ್ವಜನಿಕ ಜೀವನದಲ್ಲಿಯೇ ಹೀಗೆ ಓದಿದವರೂ ಇದ್ದರು. 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ ಮಾತಾಡಿದ ಫ್ರೆಡರಿಕ್ ಡಗ್ಲಸನು ಸ್ವಾತಂತ್ರ್ಯೋತ್ಸವವು ಗುಲಾಮನಿಗೆ ಏನೆಂದು ಕೇಳುತ್ತಾ ಪ್ರವಾದಿಗಳ ದನಿಯನ್ನು ಆಶ್ರಯಿಸಿದನು. ಅದೇ ಭಾಷಣದಲ್ಲಿ ಸಂವಿಧಾನವನ್ನು ಸ್ವಾತಂತ್ರ್ಯದ ಪತ್ರವಾಗಿ ಓದಬಹುದೆಂಬ ನಿರೀಕ್ಷೆಯನ್ನೂ ಬಿಡಲಿಲ್ಲ. 1865ರ ಮಾರ್ಚ್ 4ರ ಭಾಷಣದಲ್ಲಿ ಅಬ್ರಹಾಂ ಲಿಂಕನನು, ಕಾದಾಡುವ ಎರಡು ಪಕ್ಷಗಳೂ ಒಂದೇ ಸತ್ಯವೇದವನ್ನು ಓದುತ್ತವೆ ಎಂಬುದನ್ನು ನೆನಪಿಸಿ, ಯುದ್ಧವು ಗುಲಾಮಗಿರಿಯ ನಿಮಿತ್ತ ಇಬ್ಬರ ಮೇಲೂ ಬಂದ ದೈವಿಕ ನ್ಯಾಯತೀರ್ಪಿರಬಹುದೆಂದು ಹೇಳಿದನು. ಗೆಲುವು ಕಣ್ಣೆದುರಿಗಿದ್ದಾಗಲೂ ತನ್ನ ಪಕ್ಷವನ್ನು ದೇವರ ಪಕ್ಷವೆನ್ನದೆ ದೇವರ ತೀರ್ಪಿನ ಕೆಳಗೆ ನಿಲ್ಲಿಸಿದ್ದು ಕ್ರೈಸ್ತ ಪೌರನೀತಿಯ ಶ್ರೇಷ್ಠ ಪಾಠಗಳಲ್ಲಿ ಒಂದು.

6. ಗೋಡೆಯ ಎರಡು ಬದಿಗಳು

ಸಭೆಗೂ ಸರಕಾರಕ್ಕೂ ನಡುವಣ ಗೋಡೆಯ ಪ್ರಶ್ನೆಗೂ ಇದೇ ಅಳತೆಗೋಲು ಬೇಕು. ಆ ಗೋಡೆ ಒಂದೇ ದಿಕ್ಕಿನದು, ಸರಕಾರದಿಂದ ಸಭೆಯನ್ನು ಕಾಯುವುದಷ್ಟೇ ಅದರ ಕೆಲಸ ಎಂದು ಹಲವು ಪಾಠಗಳು ಹೇಳುತ್ತವೆ. ಸಭೆಯನ್ನು ಕಾಯುವ ಉದ್ದೇಶವಿದ್ದದ್ದು ನಿಜ. 1636ರಲ್ಲಿ ಪ್ರಾವಿಡೆನ್ಸ್ ನೆಲೆಯನ್ನು ಸ್ಥಾಪಿಸಿದ ರಾಜರ್ ವಿಲಿಯಮ್ಸನು ಸಭೆಯೆಂಬ ತೋಟವನ್ನು ಲೋಕವೆಂಬ ಅಡವಿಯಿಂದ ಬೇರ್ಪಡಿಸುವ ಬೇಲಿಯ ಕುರಿತು ಬರೆದದ್ದು ಈ ಕಾಳಜಿಯಿಂದಲೇ. ಆದರೆ ತೋಟವನ್ನು ಕಾಯಬೇಕಾಗಿ ಬಂದದ್ದು ಯಾರಿಂದ? ಕ್ರೈಸ್ತರೆನಿಸಿಕೊಂಡ ಅಧಿಕಾರಿಗಳಿಂದಲೇ. ವರ್ಜೀನಿಯದಲ್ಲಿ ಪರವಾನಗಿಯಿಲ್ಲದೆ ಸುವಾರ್ತೆ ಸಾರಿದ ಬ್ಯಾಪ್ಟಿಸ್ಟ್ ಬೋಧಕರನ್ನು ಸೆರೆಗೆ ಹಾಕಿದ್ದು ಆಂಗ್ಲಿಕನ್ ಸಭೆಯನ್ನು ಪೋಷಿಸುತ್ತಿದ್ದ ಸರಕಾರ. ನೆರೆಯ ಕೌಂಟಿಯ ಸೆರೆಮನೆಯಲ್ಲಿದ್ದ ಅಂಥವರ ವಿಷಯದಲ್ಲಿ ಯುವಕ ಮ್ಯಾಡಿಸನನು 1774ರ ಪತ್ರವೊಂದರಲ್ಲಿ ನೊಂದು ಬರೆದನು. 1785ರ ಅವನ ಮನವಿಪತ್ರವು, ಇತರ ಮತಗಳನ್ನು ಹೊರಗಿಟ್ಟು ಕ್ರೈಸ್ತ ಮತವನ್ನು ಸ್ಥಾಪಿಸಬಲ್ಲ ಸರಕಾರಕ್ಕೆ ಕ್ರೈಸ್ತರಲ್ಲಿಯೇ ಒಂದು ಪಂಗಡವನ್ನು ಸ್ಥಾಪಿಸುವುದೂ ಅಷ್ಟೇ ಸುಲಭವೆಂದು ಎಚ್ಚರಿಸಿತು.

ಸರಕಾರಿ ಹುದ್ದೆಗೆ ಮತದ ಪರೀಕ್ಷೆ ಇರಕೂಡದೆಂದು ಸಂವಿಧಾನದ ಆರನೆಯ ವಿಧಿ ಹೇಳಿದಾಗ, ಅನ್ಯಮತದವರು ಅಧಿಕಾರಕ್ಕೆ ಬಂದಾರೆಂದು ಅಂಜಿದ ಕ್ರೈಸ್ತರಿದ್ದರು. 1788ರಲ್ಲಿ ಮ್ಯಾಸಚೂಸೆಟ್ಸಿನ ಸಮ್ಮೇಳನದಲ್ಲಿ ಆ ವಿಧಿಯ ಪರವಾಗಿ ಎದ್ದು ನಿಂತವರಲ್ಲಿ ಬ್ಯಾಪ್ಟಿಸ್ಟ್ ಬೋಧಕ ಐಸಾಕ್ ಬ್ಯಾಕಸ್ ಒಬ್ಬನು. 1802ರ ಜನವರಿ 1ರಂದು ಥಾಮಸ್ ಜೆಫರ್ಸನನು ಗೋಡೆಯ ಮಾತನ್ನು ಬರೆದದ್ದು ಕನೆಕ್ಟಿಕಟ್ಟಿನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಅಲ್ಲಿ ಕಾಂಗ್ರಿಗೇಷನಲ್ ಸಭೆ ಆಗಲೂ ಸರಕಾರದ ಸಭೆಯಾಗಿತ್ತು. ಪ್ರಥಮ ತಿದ್ದುಪಡಿ ಆರಂಭದಲ್ಲಿ ಕಾಂಗ್ರೆಸ್ಸನ್ನು ಮಾತ್ರ ಬಂಧಿಸಿತು, ಮ್ಯಾಸಚೂಸೆಟ್ಸಿನಲ್ಲಿ 1833ರವರೆಗೂ ಅಂಥ ವ್ಯವಸ್ಥೆ ಉಳಿಯಿತು ಎಂಬ ಪಾಠಗಳ ಮಾತು ಸರಿಯೇ. ಅದರಿಂದ ಆ ವ್ಯವಸ್ಥೆ ಒಳ್ಳೆಯದೆಂದು ಸಿದ್ಧವಾಗದು. ಅದರ ಕೆಳಗೆ ತೆರಿಗೆ ತೆತ್ತ ವಿಶ್ವಾಸಿಗಳನ್ನು ಕೇಳಬೇಕು. ಪಾಪದ ಬೋಧನೆಯನ್ನು ನಂಬುವವರು ಸಭೆಯ ಕೈಗೆ ಬಂದ ರಾಜ್ಯಾಧಿಕಾರವನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ಗೋಡೆಗೆ ಎರಡು ಬದಿಗಳಿರುವುದು ಅದಕ್ಕಾಗಿಯೇ.

7. ನಮ್ಮ ಪಾಲಿನ ಪಾಠ

ಈಗ ನಮ್ಮ ಕಡೆಗೆ ತಿರುಗೋಣ. ಭಾರತದ ಸಂವಿಧಾನದ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಗೊಳಪಟ್ಟು ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರಮಾಡುವ ಹಕ್ಕನ್ನೂ ಕೊಟ್ಟಿದೆ. ಅದನ್ನು ರೂಪಿಸಿದ ಸಂವಿಧಾನ ಸಭೆಗೆ ಉಪಾಧ್ಯಕ್ಷನಾಗಿದ್ದವರು ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ್ ಮುಖರ್ಜಿ. ಈ ಅನುಚ್ಛೇದದ ನೆರಳಿನಲ್ಲಿಯೇ ನಮ್ಮ ಸಭೆಗಳು ಕೂಡುತ್ತವೆ. ವರ್ಜೀನಿಯದ ಸೆರೆಮನೆಗಳಲ್ಲಿದ್ದ ಬೋಧಕರು ಕೇಳಿದ್ದೂ ಇದನ್ನೇ: ಬಹುಸಂಖ್ಯಾತರ ದಯೆಯನ್ನಲ್ಲ, ಸಮಾನ ಹಕ್ಕನ್ನು. ಹೀಗಿರುವಾಗ ಬೇರೊಂದು ದೇಶದಲ್ಲಿ ನಮ್ಮ ವಿಶ್ವಾಸಕ್ಕೆ ಸರಕಾರ ಅಗ್ರಸ್ಥಾನ ಕೊಡಬೇಕೆಂದು ಮೆಚ್ಚಿ ಮಾತಾಡಿ, ನಮ್ಮ ದೇಶದಲ್ಲಿ ಯಾವ ವಿಶ್ವಾಸಕ್ಕೂ ಅಗ್ರಸ್ಥಾನ ಬೇಡವೆಂದು ಬೇಡಿಕೊಳ್ಳುವುದು ಎರಡು ತಕ್ಕಡಿ ಇಟ್ಟುಕೊಂಡ ವ್ಯಾಪಾರವಾಗುತ್ತದೆ. ಅಂಥ ತಕ್ಕಡಿಯನ್ನು ಕರ್ತನು ಅಸಹ್ಯಪಡುತ್ತಾನೆಂದು ಜ್ಞಾನೋಕ್ತಿಗಳು ಕಲಿಸುತ್ತವೆ.

ಅಮೆರಿಕದ ಕ್ರೈಸ್ತ ಪೌರನೀತಿ ಪಾಠಗಳನ್ನು ನಾವು ಬದಿಗಿಡಬೇಕಾಗಿಲ್ಲ. ಅಧಿಕಾರವನ್ನು ನಂಬಬೇಡ, ಅದನ್ನು ಹಂಚು, ಅದಕ್ಕೆ ಲೆಕ್ಕ ಕೇಳು ಎಂಬ ಅವುಗಳ ಬುದ್ಧಿವಾದ ನಮಗೂ ಬೇಕು. ನಮ್ಮ ಸಭಾಡಳಿತಗಳಿಗೂ, ಸಭೆಯ ಆಸ್ತಿಪಾಸ್ತಿಗಳ ಲೆಕ್ಕಪತ್ರಗಳಿಗೂ ಬೇಕು. ಅವು ನಿಲ್ಲಿಸಿದ ಸ್ಥಳದಿಂದ ಮುಂದಕ್ಕೆ ಓದುವುದು ನಮ್ಮ ಕೆಲಸ. ತರಗತಿಯಲ್ಲಿ ಯೆಶಾಯ 33ನ್ನು ಓದಿದರೆ ಅದನ್ನು ಚೀಯೋನಿನ ಬಿಡುಗಡೆಯ ಹಾಡಾಗಿಯೇ ಓದೋಣ. ಅಧಿಕಾರದ ಮಿತಿಯನ್ನು ಕಲಿಸುವಾಗ ಅರಸನ ಕೈಯಲ್ಲಿ ಧರ್ಮಶಾಸ್ತ್ರದ ಪ್ರತಿಯನ್ನಿಟ್ಟ ಧರ್ಮೋಪದೇಶಕಾಂಡವನ್ನು ತೆರೆಯೋಣ. ಆ ಮಿತಿಗಳೆಲ್ಲ ಕಾಗದದ ಮೇಲೆ ಸರಿಯಾಗಿದ್ದೂ ಒಬ್ಬನು ತನ್ನ ಪಿತೃಗಳ ನೆಲವನ್ನು ಕಳೆದುಕೊಂಡಾಗ ಇಜ್ರೇಲಿನ ಆ ತೋಟವನ್ನು ನೆನೆದು, ಅಲ್ಲಿಗೆ ಹೋಗಿ ನಿಲ್ಲುವ ಧೈರ್ಯವನ್ನು ನಮ್ಮ ಸಭಾಪಾಲಕರಿಗೆ ಕರ್ತನು ಕೊಡಲೆಂದು ಪ್ರಾರ್ಥಿಸೋಣ.